ಗಂಗವ್ವನ ಹೆಸರಿನ ಗುಳಿಗೆ

ಮೂವತ್ತಾರು ವರ್ಷ ನಾನು ಕಿಟಕಿಯ ಹಿಂದೆ ಕೂತು ದುಡಿದವನು. ಸರ್ಕಾರದ ಕಾಗದಗಳಲ್ಲಿ ನನ್ನ ಹುದ್ದೆಯ ಹೆಸರು ಎರಡು ಮೂರು ಸಲ ಬದಲಾಯಿತು. ಜನ ಮಾತ್ರ ಮೊದಲ ದಿನದಿಂದ ಕೊನೆಯ ದಿನದವರೆಗೂ ‘ಕಂಪೌಂಡರ್ ಸಾಹೇಬ್ರು’ ಎಂದೇ ಕರೆದರು. ಈಗ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಫಾರ್ಮಸಿ ಓದಿ ನೌಕರಿಗೆ ಸೇರುವ ಹೊಸಬರು ಆಗಾಗ ಬಂದು ವರ್ಗಾವಣೆ ಹೇಗೆ, ಆಡಿಟ್ ಹೇಗೆ ಎಂದು ಕೇಳುತ್ತಾರೆ. ಅಂಜಿಕೆ ಹೇಗೆ ಎಂದು ಯಾರೂ ಕೇಳುವುದಿಲ್ಲ. ನನಗೆ ಈ ನೌಕರಿಯಲ್ಲಿ ನೆನಪಿರುವುದು ಹೆಚ್ಚಾಗಿ ಅಂಜಿಕೆಯೇ. ಬಡ್ತಿ ಬಂದದ್ದು ಯಾವ ವರ್ಷ ಎಂದರೆ ನನ್ನ ಹೆಂಡತಿಯನ್ನು ಕೇಳಿ ಹೇಳಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ, ದವಾಖಾನೆಗಳ ಹೆಸರು ಬಿಟ್ಟಿದ್ದೇನೆ. ಹೆಸರು ಬದಲಿಸಿ ಮಾಡಿಕೊಂಡ ಅನಾಹುತವನ್ನು ಹೇಳಲು ಹೊರಟವನೇ ಮತ್ತೆ ಹೆಸರು ಬದಲಿಸುತ್ತಿದ್ದಾನಲ್ಲ ಎಂದು ನೀವು ನಗಬಹುದು. ನಗಿ, ಬೇಡ ಅನ್ನುವುದಿಲ್ಲ.

ನನ್ನ ಮೊದಲ ನೌಕರಿ ಮುದ್ದೇಬಿಹಾಳದ ಕಡೆ ಒಂದು ಹಳ್ಳಿಯಲ್ಲಿ. ಆಗ ಗುಳಿಗೆಗಿಂತ ನೀರೌಷಧವೇ ಹೆಚ್ಚು. ದೊಡ್ಡ ಜಾಡಿಯಲ್ಲಿ ಕಲಸಿಟ್ಟುಕೊಂಡು, ಜನ ತಂದ ಬಾಟಲಿಗೆ ಅಳೆದು ಹಾಕಿ ಕೊಡುವುದು. ಅವರು ತರುತ್ತಿದ್ದ ಬಾಟಲಿಗಳನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ: ಚಿಮಣಿ ಎಣ್ಣೆಯದು, ಸೆರೆಯದು, ಹೊಲಕ್ಕೆ ಹೊಡೆಯುವ ಔಷಧದ್ದು. ಹೊಟ್ಟೆನೋವಿಗೆ ಕುಡಿಯುವುದೂ ಬೆಳ್ಳಗೆ, ಕೀಲುನೋವಿಗೆ ತಿಕ್ಕುವುದೂ ಬೆಳ್ಳಗೆ. ಒಂದು ಸಂತೆಯ ದಿನ ‘ಶರಣಪ್ಪ’ ಎಂದು ಕೂಗಿ, ಕೈ ಚಾಚಿದವನಿಗೆ ಬಾಟಲಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಕಿಟಕಿಗೆ ಬಂದು, "ಮೊಣಕಾಲಿಗೆ ತಿಕ್ಕೂದು ಕೊಡ್ರಿ, ನಾ ಶರಣಪ್ಪ" ಅಂದ. ತಿಕ್ಕುವ ಔಷಧ ಹೊಟ್ಟೆನೋವಿನವನ ಕೈಗೆ ಹೋಗಿತ್ತು. ಬರಿಗಾಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ಓಡಿದೆ. ಆ ಶರಣಪ್ಪ ಬಸ್ಸಿನಲ್ಲಿ ಕೂತು ಬೂಚು ತೆಗೆದು ಮೂಸುತ್ತಿದ್ದ. "ಇದೇನ್ರಿ ಸಾಹೇಬ್ರ, ಕರ್ಪೂರದ ವಾಸನಿ ಬರ್ತೈತಿ?" ಎಂದು ನನ್ನನ್ನೇ ಕೇಳಿದ.

ಅಲ್ಲಿನ ಡಾಕ್ಟರು ವಯಸ್ಸಾದವರು, ಬೈಯುವುದರಲ್ಲಿ ಎತ್ತಿದ ಕೈ. ಅವತ್ತು ಮಾತ್ರ ಬೈಯಲಿಲ್ಲ. ಬಾಗಿಲು ಮುಂದೆ ಮಾಡಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ನೋಡಪಾ, ಹೆಸರು ಕೇಳು. ಅಪ್ಪನ ಹೆಸರು ಕೇಳು. ಊರು ಕೇಳು. ಆಮ್ಯಾಲ ಮಾರಿ ನೋಡಿ ಕೊಡು. ನಾ ಔಷಧ ತಪ್ಪು ಬರದ್ರ ನೀ ಹಿಡೀಬಹುದು. ನೀ ಹೆಸರು ತಪ್ಪಿದ್ರ ಹಿಡ್ಯಾವ್ರು ಯಾರೂ ಇಲ್ಲ" ಅಂದರು. ಆ ಮಾತನ್ನು ಮೂವತ್ತು ವರ್ಷ ಪಾಲಿಸಿದೆ. ತಪ್ಪಿದ್ದು ಒಂದೇ ಸಲ, ಅದೂ ಬೇಕೆಂದೇ.

ಮುಂದೆ ಸಿಂದಗಿಯ ಕಡೆ ಇದ್ದಾಗ ಜಾಡಿಗಳು ಹೋದವು, ಗುಳಿಗೆಯ ಪಟ್ಟಿಗಳು ಬಂದವು. ಅಲ್ಲಿ ನಮಗೆ ದೊಡ್ಡ ತಲೆನೋವು ಕ್ಷಯದ್ದು. ಆಲಮೇಲದ ಬಸ್ಸಿನಲ್ಲಿ ಬರುತ್ತಿದ್ದ ರೋಗಿಗಳು ತಿಂಗಳು ನುಂಗಿ, ಕೆಮ್ಮು ನಿಂತಿತೆಂದು ಬಿಟ್ಟುಬಿಡುತ್ತಿದ್ದರು. ಆಮೇಲೆ ಕಣ್ಣೆದುರೇ ಗುಳಿಗೆ ನುಂಗಿಸುವ ಪದ್ಧತಿ ಬಂತು. ಊರೂರಿನ ಆಶಾ ಕಾರ್ಯಕರ್ತೆಯರಿಗೆ ಅದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಿತ್ತು. "ಕೈಯಾಗ ಕೊಟ್ಟು ಬರಬ್ಯಾಡ್ರಿ. ನುಂಗಿಸ್ರಿ. ಬಾಯಿ ತಗಸ್ರಿ. ನಾಲಿಗಿ ಎತ್ತಿಸಿ ನೋಡ್ರಿ" ಎಂದು ನಾನೇ ನಾಲಿಗೆ ಎತ್ತಿ ತೋರಿಸುತ್ತಿದ್ದೆ. ಅವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಇಂಡಿ ತಾಲೂಕಿಗೆ ವರ್ಗವಾದ ಮೇಲೂ ಆ ತರಬೇತಿ ನನ್ನ ಕೊರಳಿಗೇ ಬಂತು. ಅದು ಒಳ್ಳೆಯ ಪದ್ಧತಿ, ಅದರಿಂದ ಬದುಕಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ.

ಚನಬಸಪ್ಪನವರು ಲಚ್ಯಾಣದ ದಾರಿಯ ಒಂದು ಹಳ್ಳಿಯವರು. ನಿಂಬೆಯ ತೋಟ, ನಿಂಬೆಯದೇ ವ್ಯಾಪಾರ. ಅರವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ತುಂಬಿದ ಮೀಸೆ. ದವಾಖಾನೆಗೆ ಬಂದಾಗ ನನ್ನ ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ನಿಂಬೆಹಣ್ಣು ಇಟ್ಟು, "ಮಾಟ ಮಾಡ್ಸಿದ್ದಲ್ರಿ, ಶರಬತ್ತಿಗೆ" ಎಂದು ಚಾಷ್ಟಿ ಮಾಡುವವರು. ಒಂದು ಬೇಸಿಗೆಯಲ್ಲಿ ಬಂದು, "ಸಾಹೇಬ್ರ, ಕರಡಿಗಿ ತಿಕ್ಕಿ ಎದಿಮ್ಯಾಲ ಗಂಟಾಗೇತಿ. ಮುಲಾಮ ಕೊಡ್ರಿ" ಅಂದರು.

ಕರಡಿಗೆ ಎಂದರೆ ಇಷ್ಟಲಿಂಗವನ್ನು ಒಳಗಿಟ್ಟು, ಶಿವದಾರದಿಂದ ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಭರಣಿ. ನನ್ನ ಎದೆಯ ಮೇಲೂ ಇದೆ. ಬೆವರಿಗೆ ಅದು ತಿಕ್ಕಿ ಚರ್ಮ ಕೆಂಪಾಗುವುದು, ಗಟ್ಟಿಯಾಗುವುದು ನನಗೂ ಆಗಿದೆ, ನಮ್ಮಪ್ಪನಿಗೂ ಆಗಿತ್ತು. ಬೇರೆ ಸೀಮೆಯ ಕಂಪೌಂಡರ್ ಆಗಿದ್ದರೆ ‘ಹೌದಾ, ಎಲ್ಲಿ ನೋಡೋಣ’ ಎನ್ನುತ್ತಿದ್ದನೇನೋ. ನಾನು ಬಲ್ಲವನು, ಕೇಳಲಿಲ್ಲ. ಮುಲಾಮು ಕೊಟ್ಟೆ, ಶಿವದಾರ ಸ್ವಲ್ಪ ಗಿಡ್ಡ ಮಾಡಿಕೊಳ್ಳಿ ಎಂದು ಬುದ್ಧಿಯನ್ನೂ ಹೇಳಿದೆ. ಎರಡು ತಿಂಗಳಿಗೆ ಮತ್ತೆ ಬಂದರು, ಮತ್ತೆ ಕೊಟ್ಟೆ. ಆ ಕಿಟಕಿಯಿಂದ ಮನುಷ್ಯನ ಮುಖ ಕಾಣುತ್ತದೆ, ಕೈ ಕಾಣುತ್ತದೆ. ಎದೆ ಕಾಣುವುದಿಲ್ಲ.

ಮೂರನೆಯ ಸಲ ಬಂದಾಗ ಜೊತೆಗೆ ಹೆಂಡತಿ ಗಂಗವ್ವ ಇದ್ದಳು. ನಾನು ಅವಳನ್ನು ತಂಗಿ ಎಂದೇ ಕರೆಯುತ್ತಿದ್ದೆ. ಗಂಡ ಮುಲಾಮಿಗೆ ಕೈ ಚಾಚುತ್ತಿದ್ದಂತೆ ಅವಳು ಕಿಟಕಿಗೆ ಬಾಗಿ ಮೆಲ್ಲಗೆ ಹೇಳಿದಳು. "ಅಣ್ಣಾರ, ಅಂಗೀಗೆ ರಕ್ತ ಹತ್ತಾಕತ್ತೈತಿ. ತೊಳಿಯಾಕಿ ನಾನು, ನನಗ ಗೊತ್ತು. ಮೊಲಿತೊಟ್ಟು ಒಳಗ ಸೇದೇತಿ."

"ಏ, ಸುಮ್ನಿರ! ಪಾಳ್ಯಾಗ ಮಂದಿ ಐತಿ" ಎಂದು ಚನಬಸಪ್ಪನವರು ಹಿಂದಿನ ಸಾಲಿನ ಕಡೆ ನೋಡುತ್ತ ಗದರಿದರು.

ಕಿಟಕಿ ಮುಚ್ಚಿ ಹೊರಗೆ ಬಂದು, ಅವರ ರಟ್ಟೆ ಹಿಡಿದು ಡಾಕ್ಟರ ಕೋಣೆಗೆ ಕರೆದುಕೊಂಡು ಹೋದೆ. ಆಗ ನಮ್ಮಲ್ಲಿದ್ದ ಡಾಕ್ಟರು ಹೆಣ್ಣುಮಗಳು, ನಾವೆಲ್ಲ ಬಾಯಾರು ಎನ್ನುತ್ತಿದ್ದೆವು; ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಹೆಣ್ಣುಮಗಳ ಮುಂದೆ ಅಂಗಿ ತೆಗೆಯಲು ಚನಬಸಪ್ಪನವರು ಒಪ್ಪಲಿಲ್ಲ. ಕೊನೆಗೆ ನಾನೇ ಗುಂಡಿ ಬಿಚ್ಚಿದೆ. ಕರಡಿಗೆಯನ್ನು ಅವರು ಕೈಯಲ್ಲಿ ಎತ್ತಿ ಹಿಡಿದುಕೊಂಡರು. ಅದರ ಕೆಳಗೆ ಇದ್ದದ್ದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಯಾವ ಕರಡಿಗೆಯೂ ಇದನ್ನು ಮಾಡುವುದಿಲ್ಲ. ಬಾಯಾರು ಗಂಟು ಮುಟ್ಟಿದರು, ಕಂಕುಳು ಮುಟ್ಟಿದರು, ಬೆನ್ನು ಒತ್ತಿದಾಗ ಚನಬಸಪ್ಪನವರು ಹಲ್ಲು ಕಚ್ಚಿದರು.

"ಎಷ್ಟ ದಿನಾ ಆತ್ರಿ?"

"ಆರೇಳು ತಿಂಗಳ ಆತ್ರಿ. ಸಾಹೇಬ್ರು ಮುಲಾಮ ಕೊಡಾಕತ್ತಿದ್ರು, ಹಚ್ಚಾಕತ್ತಿದ್ದೆ."

ಅವರು ದೂರಿ ಹೇಳಿದ ಮಾತಲ್ಲ ಅದು, ನನ್ನ ಮೇಲಿನ ವಿಶ್ವಾಸದಿಂದ ಹೇಳಿದ್ದು. ಬಾಯಾರು ನನ್ನ ಕಡೆ ಒಮ್ಮೆ ನೋಡಿ ಚೀಟಿ ಬರೆಯತೊಡಗಿದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ತುಣುಕು ತೆಗೆದು ನೋಡಿದರು. ಕ್ಯಾನ್ಸರ್, ಎದೆಯದೇ. ಬೆನ್ನೆಲುಬಿಗೂ ಸೊಂಟಕ್ಕೂ ಹಬ್ಬಿತ್ತು. ಫೈಲು ಹಿಡಿದುಕೊಂಡು ಗಂಡಹೆಂಡತಿ ನಮ್ಮ ಬಾಯಾರ ಹತ್ತಿರ ಬಂದರು. ನಾನು ಬಾಗಿಲ ಬಳಿ ನಿಂತಿದ್ದೆ.

"ಗಂಡಸರಿಗೆ ಮೊಲಿ ಕ್ಯಾನ್ಸರ್ ಆಗತೈತೇನ್ರಿ ಬಾಯಾರ? ಅವರು ಕಾಗದಾ ಅದಲಿಬದಲಿ ಮಾಡಿರಬೇಕು" ಎಂದರು ಚನಬಸಪ್ಪ.

"ಆಗತೈತ್ರಿ. ಭಾಳ ಕಡಿಮಿ ಮಂದಿಗೆ. ಯಾರಿಗೂ ಸಂಶೆ ಬರಂಗಿಲ್ಲ, ಅದಕ್ಕ ತಡಾ ಆಗತೈತಿ." ಬಾಯಾರು ನಿಧಾನವಾಗಿ ಬಿಡಿಸಿ ಹೇಳಿದರು. ಹೆಂಗಸರ ಹಾರ್ಮೋನು ಎನ್ನುತ್ತಾರಲ್ಲ, ಅದು ಗಂಡಸರ ಮೈಯಲ್ಲೂ ಸ್ವಲ್ಪ ಇರುತ್ತದೆ. ಈ ಗಡ್ಡೆ ಅದನ್ನು ತಿಂದೇ ಬೆಳೆಯುವ ಜಾತಿಯದು ಎಂದು ತಪಾಸಣೆಯಲ್ಲಿ ಬಂದಿದೆ. ಟಾಮೊಕ್ಸಿಫೆನ್ ಎಂಬ ಗುಳಿಗೆ ಗಡ್ಡೆಗೆ ಆ ಹಾರ್ಮೋನು ತಾಗದಂತೆ ತಡೆಯುತ್ತದೆ, ಕೀಲಿಯ ತೂತಿಗೆ ಮೇಣ ತುಂಬಿದ ಹಾಗೆ. "ಬೇರುಸಹಿತ ಹೋಗತೈತಿ ಅಂತ ನಾ ಹೇಳಂಗಿಲ್ಲ. ತಡದು ನಿಲ್ಲಸತೈತಿ. ಕೆಲವರಿಗೆ ವರ್ಷಗಟ್ಟಲೆ ನಿಲ್ಲಸೈತಿ. ಆದ್ರ ದಿನಾ ಒಂದು, ತಪ್ಪಬಾರದು. ಕಾಲು ಬಾತ್ರ, ಉಸಿರು ಹಿಡದ್ರ ಕೂಡ್ಲೆ ಬರಬೇಕು."

ಗಂಗವ್ವ ಒಂದೇ ಪ್ರಶ್ನೆ ಕೇಳಿದಳು. "ದಿನಾ ತಪ್ಪದ ನುಂಗಿದ್ರ ಉಳೀತಾರಲ್ರಿ?" ಬಾಯಾರು, "ನುಂಗಸ್ರಿ" ಎಂದಷ್ಟೇ ಅಂದರು.

ಮೊದಲ ತಿಂಗಳ ಗುಳಿಗೆ ಒಯ್ಯಲು ಚನಬಸಪ್ಪನವರು ಕಿಟಕಿಗೆ ಬರಲಿಲ್ಲ, ಹಿಂದಿನ ಬಾಗಿಲಿನಿಂದ ಬಂದರು. ಮೀಸೆ ಇಳಿದುಹೋಗಿತ್ತು. "ಸಾಹೇಬ್ರ, ಮೆಡಿಕಲ್ ಅಂಗಡ್ಯಾಂವ ಚೀಟಿ ನೋಡಿ, ಇದು ಹೆಣ್ಮಕ್ಕಳ ಗುಳಿಗಿ, ಯಾರಿಗ್ರಿ ಅಂತ ಎಲ್ಲಾರ ಮುಂದ ಕೇಳಿದ. ಮನ್ಯಾಗ ಹೆಂಗಸರಿಗೆ ಅಂದೆ. ಇನ್ನ ನೀವೂ ಹಂಗ ಬರ್ಕೋರಿ. ಮೊಲಿ ಬ್ಯಾನಿ ಅಂತ ಊರಾಗ ಗೊತ್ತಾದ್ರ ನಾ ಮಾರಿ ಎತ್ತಿ ತಿರಗಂಗಿಲ್ಲ. ಗುಳಿಗೀನ ನುಂಗಂಗಿಲ್ಲ, ಹೋಗ್ಲಿ ಜೀವ."

ಗುಳಿಗೆಯನ್ನೇ ಬಿಡುತ್ತಾರಲ್ಲ ಎಂದು ಅಂಜಿದೆ. ಮುಲಾಮಿನ ಪಾಪವೂ ಒಳಗೆ ಕುಟುಕುತ್ತಿತ್ತು. ರಜಿಸ್ಟರಿನಲ್ಲಿ ‘ಗಂಗವ್ವ’ ಎಂದು ಬರೆದೆ. ಬಾಯಾರಿಗೆ ಹೇಳಲಿಲ್ಲ. ಮುದ್ದೇಬಿಹಾಳದ ಹಿರಿಯ ಡಾಕ್ಟರ ಮಾತು ಬರೆಯುವಾಗ ನೆನಪಿಗೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿಗೆ ಬಂತು, ಆದರೂ ಬರೆದೆ.

ನಾಲ್ಕೈದು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಗಂಗವ್ವ ಬಂದು ತನ್ನ ಹೆಸರಿನ ಗುಳಿಗೆ ಒಯ್ಯುತ್ತಿದ್ದಳು. ಬೆನ್ನುನೋವು ಇಳಿದು ಚನಬಸಪ್ಪನವರು ಮತ್ತೆ ತೋಟ ತಿರುಗತೊಡಗಿದರು. ಗುಳಿಗೆಯ ತಾಪಕ್ಕೆ ಮಾತ್ರ ಇದ್ದಕ್ಕಿದ್ದಂತೆ ಮುಖವೆಲ್ಲ ಕೆಂಡವಾಗಿ ಬೆವರು ಹರಿಯುತ್ತಿತ್ತು. "ಮುಟ್ಟು ನಿಲ್ಲೂ ಕಾಲಕ್ಕ ನಾ ಹಿಂಗ ಬೇಯ್ತಿದ್ದಾಗ ಬೀಸಣಿಕಿ ಕೊಡ್ರಿ ಅಂದ್ರ ನಕ್ಕಿದ್ರಿ, ಈಗ ತಿಳೀತಿಲ್ಲ?" ಎಂದು ಗಂಗವ್ವ ಗಂಡನನ್ನು ಹಂಗಿಸಿದಳಂತೆ. ನನಗೆ ಹೇಳಿ ನಕ್ಕಳು. ಅವಳು ನಕ್ಕದ್ದು ಕಂಡು ನನಗೂ ಧೈರ್ಯ ಬಂತು.

ಆಮೇಲೆ ಅವಳು ನಗುವುದು ನಿಂತಿತು. ಕಾರಣ ನನಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಒಂದು ಮಧ್ಯಾಹ್ನ ಬಾಯಾರು ನನ್ನನ್ನು ಒಳಗೆ ಕರೆದರು. ಗಂಗವ್ವ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಅವರ ಊರಿನ ಆಶಾ ಸಾವಿತ್ರಿ ನಿಂತಿದ್ದಳು. ಚುರುಕಿನ ಹೆಣ್ಣುಮಗಳು, ನನ್ನ ತರಬೇತಿಯಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು. ಮುಟ್ಟು ನಿಂತು ಐದಾರು ವರ್ಷವಾಗಿದ್ದ ಗಂಗವ್ವನಿಗೆ ಮತ್ತೆ ರಕ್ತ ಹೋಗುತ್ತಿದೆ ಎಂದು ಅವಳೇ ಕರೆತಂದಿದ್ದಳು.

"ಗಂಗವ್ವಗ ಯಾವಾಗಿಂದ ಕ್ಯಾನ್ಸರ್ ಐತ್ರಿ?" ಎಂದು ಬಾಯಾರು ನನ್ನನ್ನು ಕೇಳಿದರು.

ನಾನು ಬಾಯಿ ಬಿಡುವ ಮೊದಲೇ ಸಾವಿತ್ರಿ ಹೇಳಿದಳು. "ಸಾಹೇಬ್ರು ಕೊಟ್ಟ ಯಾದಿಯೊಳಗ ಹೆಸರಿತ್ರಿ ಮೇಡಂ. ಕ್ಯಾನ್ಸರ್ ಗುಳಿಗಿ, ದಿನಾ ತಪ್ಪಬಾರದು ಅಂತಿತ್ತು. ಮೂರು ತಿಂಗಳಾತು, ದಿನಾ ಮುಂಜಾನಿ ನಾನ ಹೋಗಿ ನುಂಗಸ್ತೇನಿ. ಮನ್ಯಾಗ ಗುಳಿಗಿ ಇದ್ದಾಗ ಒಂದಿನಾನೂ ಬಿಟ್ಟಿಲ್ರಿ. ಬಾಯಿ ತಗಸಿ, ನಾಲಿಗಿ ಎತ್ತಿಸಿ ನೋಡೇನಿ. ಸಾಹೇಬ್ರು ಕಲಿಸಿದಂಗ."

ತಿಂಗಳಿಗೆ ಮೂವತ್ತು ಗುಳಿಗೆ. ದಿನಕ್ಕೊಂದು ಗಂಗವ್ವನ ಹೊಟ್ಟೆಗೆ ಹೋದರೆ, ಆ ಮನುಷ್ಯನಿಗೆ ಏನು ಉಳಿಯಿತು?

"ತಂಗಿ, ಅವ್ರೇನು ನುಂಗಾಕತ್ತಾರ?" ಅಂದೆ.

ಅವಳು ನೆಲ ನೋಡುತ್ತಲೇ ಹೇಳಿದಳು. "ಮುಂಜಾನಿ ಅವರು ತೋಟಕ್ಕ ಹೋದಮ್ಯಾಲ ನಂಗೊಂದು, ರಾತ್ರಿ ಅವರಿಗೊಂದು. ಹದಿನೈದ ದಿನಕ್ಕ ಮುಗೀತಾವ್ರಿ. ಉಳಿದ ದಿನಾ ಸಾವಿತ್ರಿಗೆ ನಾ ಖಾಲಿ ಪಟ್ಟಿ ತೋರಿಸಿ, ಗುಳಿಗಿ ತರೂದೈತಿ ಅನ್ನಾಕಿ. ಆಗ ಆಕಿ ತನ್ನ ಸಂಚ್ಯಾಗಿನ ಶಕ್ತಿ ಗುಳಿಗಿ ನುಂಗಸಾಕಿ. ಅವರಿಗೆ, ಹದಿನೈದ ದಿನಾ ಬಿಟ್ಟು ನುಂಗ್ರಿ ಅಂತ ಬಾಯಾರು ಹೇಳ್ಯಾರ ಅಂತ ಹೇಳೇನ್ರಿ."

"ನಮಗ್ಯಾಕ ಹೇಳ್ಲಿಲ್ಲವಾ?"

"ನಿಮಗ ಹೇಳಿದ್ರ ನೀವು ಸಾವಿತ್ರಿನ್ನ ತಡೀತೀರಿ, ಆಕಿ ಯಾಕ ಅಂತಾಳ. ಯಾಕ ಅಂದ್ರ ಅವರ ಹೆಸರು ಹೊರಗ ಬೀಳತೈತಿ. ಹೆಸರು ಹೊರಗ ಬಿದ್ರ ಗುಳಿಗಿ ಮುಟ್ಟಂಗಿಲ್ಲ ಅಂತ ಅವರು ಆಣಿ ಮಾಡ್ಯಾರ. ಒಂದೂ ಇಲ್ಲದ್ದಕ್ಕ ಅರ್ಧರ ನುಂಗ್ಲಿ ಅಂತ..." ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಇನ್ನೊಂದು ಮಾತು ಹೊರಬಂತು. ಊರಿನಲ್ಲಿ ಯಾರ ಕುಬಸವಿದ್ದರೂ ಬಸುರಿಗೆ ಮೊದಲು ಉಡಿ ತುಂಬಲು ಗಂಗವ್ವನನ್ನೇ ಕರೆಯುತ್ತಿದ್ದರಂತೆ. ಅವಳಿಗೇ ಕ್ಯಾನ್ಸರ್ ಎಂದು ತಿಳಿದು ಮೂರು ತಿಂಗಳಿಂದ ಯಾರೂ ಕರೆದಿರಲಿಲ್ಲ. ಕೂಸು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರಂತೆ. ಗಂಡನಿಗೆ ಅದನ್ನೂ ಅವಳು ಹೇಳಿರಲಿಲ್ಲ.

ಸಾವಿತ್ರಿ ಗೋಡೆಗೆ ಆನಿಕೊಂಡು ಅಳತೊಡಗಿದಳು. ಅವಳ ತಪ್ಪು ಏನೂ ಇರಲಿಲ್ಲ. ರಜಿಸ್ಟರಿನ ಹೆಸರುಗಳನ್ನು ಯೋಚಿಸದೆ ಇಳಿಸಿ ಆಶಾಗಳಿಗೆ ಯಾದಿ ಬರೆದುಕೊಟ್ಟವನು ನಾನು, ಹೆಸರು ಬದಲಿಸಿದವನು ನಾನು, ನಾಲಿಗೆ ಎತ್ತಿಸಲು ಕಲಿಸಿದವನೂ ನಾನು. ಎಲ್ಲವನ್ನೂ ಬಾಯಾರ ಮುಂದೆ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿ, "ಮೊದಲು ಗಂಗವ್ವನ ತಪಾಸಣಿ. ಆಮ್ಯಾಲ ಅವರನ್ನ ಕರಸ್ರಿ. ನಿಮ್ಮ ಮೇಲಿನ ಕಾಗದ ನಾ ಬರೀಲೇಬೇಕಾಗತೈತಿ" ಅಂದರು. ಬರೆದರು. ನನಗೆ ನೋಟೀಸು ಬಂತು, ನ್ಯಾಯವಾದದ್ದೇ.

ಗಂಗವ್ವನ ತಪಾಸಣೆಯ ಕಾಗದ ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ತಿಳಿಯದು. ಊಟ ಸೇರಲಿಲ್ಲ. ಯಾರಾದರೂ ಕಿಟಕಿಗೆ ಬಂದು ಹೆಸರು ಹೇಳಿದರೆ ಎರಡೆರಡು ಸಲ ಕೇಳಿ ಬರೆದುಕೊಳ್ಳುತ್ತಿದ್ದೆ. ಗರ್ಭಕೋಶದ ಒಳಪದರ ಆ ಗುಳಿಗೆಯಿಂದ ದಪ್ಪವಾಗಿದೆ, ಬೇರೆ ಕೆಟ್ಟದ್ದೇನೂ ಇಲ್ಲ, ನಿಲ್ಲಿಸಿದರೆ ಸರಿಯಾಗಬಹುದು ಎಂದು ಬಂತು. ಚನಬಸಪ್ಪನವರ ಕಾಗದ ಹಾಗಿರಲಿಲ್ಲ. ಸೊಂಟದ ರೋಗ ಮುಂದುವರಿದಿತ್ತು. ಅರ್ಧ ಗುಳಿಗೆಯಿಂದ ಹೀಗಾಯಿತೋ, ರೋಗವೇ ಹೀಗೆ ನಡೆಯುವುದಿತ್ತೋ ಎಂದು ಸೊಲ್ಲಾಪುರದ ಡಾಕ್ಟರನ್ನು ಕೇಳಿದೆ. ಯಾರೂ ಹೇಳಲಾರರು ಎಂದರು. ಆ ಉತ್ತರ ಇವತ್ತಿಗೂ ನನ್ನ ಜೊತೆಗೇ ಮಲಗುತ್ತದೆ, ಜೊತೆಗೇ ಏಳುತ್ತದೆ.

ಮರುವಾರ ಪಾಳಿ ತುಂಬಿದ ಹೊತ್ತಿನಲ್ಲಿ ಚನಬಸಪ್ಪನವರು ಬಂದರು. ಅಷ್ಟರಲ್ಲಿ ಗಂಗವ್ವ ಪಟ್ಟದ್ದೆಲ್ಲ ಬಾಯಾರಿಂದ ಅವರಿಗೆ ಗೊತ್ತಾಗಿತ್ತು. ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಕೋಲೂರಿಕೊಂಡು ಪಾಳಿಯಲ್ಲೇ ನಿಂತು ಕಿಟಕಿ ಮುಟ್ಟಿದರು. ಹೆಂಗಸರ ಪಾಳಿಯ ಪಕ್ಕ ಗಂಗವ್ವ ನಿಂತಿದ್ದಳು.

"ಹೆಸರು ಕೇಳ್ರಿ ಸಾಹೇಬ್ರ" ಅಂದರು.

"ಹೆಸರೇನ್ರಿ?" ಎಂದು ಕೇಳಿದೆ.

"ಚನಬಸಪ್ಪ. ಅಪ್ಪನ ಹೆಸರು ಮಲ್ಲಪ್ಪ. ಎದಿ ಕ್ಯಾನ್ಸರಿನ ಗುಳಿಗಿ ಕೊಡ್ರಿ. ನನ್ನ ಎದಿದು. ನನ್ನ ಹೆಂಡತೀದಲ್ಲ." ಅವರದು ನಿಂಬೆ ಪೇಟೆಯ ಗಂಟಲು, ಅಂಗಳದ ಬೇವಿನ ಗಿಡದವರೆಗೆ ಕೇಳಿಸಿತು. ಪಾಳಿಯವರೆಲ್ಲ ಕಿಟಕಿಯ ಕಡೆ ತಿರುಗಿದರು.

ಹಿಂದಿನವನೊಬ್ಬ, "ಗಂಡಸರಿಗೂ ಬರತೈತೇನ್ರಿ ಕಾಕಾ?" ಅಂದ.

"ಬಂದು ನಿನ್ನ ಮುಂದ ನಿಂತೈತಲ್ಲೋ. ಮನಿಗೆ ಹೋಗಿ ಅಂಗಿ ತಗದು ನೋಡ್ಕೋ" ಅಂದರು. ಯಾರೂ ನಗಲಿಲ್ಲ. ಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಲ್ಲೇ ಕುಸಿದು ಕೂತಳು.

ಗುಳಿಗೆಯನ್ನು ಮುಂದುವರಿಸಿ ನೋಡೋಣ, ಜೊತೆಗೆ ಸೊಂಟಕ್ಕೆ ಕಿರಣ ಚಿಕಿತ್ಸೆ ಕೊಡೋಣ ಎಂದು ಸೊಲ್ಲಾಪುರದವರು ಹೇಳಿದ್ದರು. ಅಂದಿನಿಂದ ನಾನು ಕಿಟಕಿಯಿಂದ ಎದ್ದು ಬಂದು, ಬೆಂಚಿನ ಮೇಲೆ ಅವರ ಪಕ್ಕ ಕೂತು, ಕಾಲು ಬಾತಿದೆಯೇ ಎಂದು ಒತ್ತಿ ನೋಡಿಯೇ ಗುಳಿಗೆ ಕೊಡುತ್ತಿದ್ದೆ. ಗಂಗವ್ವ ಹಿಂದಿನ ತಿಂಗಳ ಖಾಲಿ ಪಟ್ಟಿಗಳನ್ನು ತರಬೇಕು, ನಾನು ಗೂಡುಗಳನ್ನು ಎಣಿಸಬೇಕು, ಆಮೇಲೆ ಹೊಸದು. "ನೀ ನುಂಗಿಲ್ಲಲ್ಲ ತಂಗಿ?" ಎಂದು ಪ್ರತಿ ಸಲ ಕೇಳುತ್ತಿದ್ದೆ. "ಇಲ್ರಿ ಅಣ್ಣಾರ" ಎಂದು ಪ್ರತಿ ಸಲ ಹೇಳುತ್ತಿದ್ದಳು. ಕೇಳಿದ್ದು ನನ್ನ ಅಂಜಿಕೆಗೆ. ಅವಳಿಗೆ ಅದು ಹೇಗೆ ತಾಗುತ್ತಿತ್ತು ಎಂದು ನಾನು ಯೋಚಿಸಲಿಲ್ಲ.

ರೋಗ ಎರಡು ವರ್ಷ ತಡೆದು ನಿಂತಿತು. ಅಷ್ಟರಲ್ಲಿ ನಾನು ನಿವೃತ್ತನಾಗಿ ಬಾಗೇವಾಡಿಗೆ ಬಂದೆ. ಗುಳಿಗೆ ಕೈಬಿಟ್ಟಿತು, ಬೇರೆ ಔಷಧ ಶುರು ಮಾಡಿದ್ದಾರೆ ಎಂಬ ಸುದ್ದಿ ಫೋನಿನಲ್ಲಿ ಬಂತು. ಐದಾರು ತಿಂಗಳಿಗೆ ಇನ್ನೊಂದು ಸುದ್ದಿ ಬಂತು. ಚನಬಸಪ್ಪನವರ ಮಣ್ಣಿಗೆ ಹೋಗಿ ಬಂದೆ.

ತಿಂಗಳಾದ ಮೇಲೆ ಗಂಗವ್ವ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದಳು. ನಿಂಬೆಹಣ್ಣಿನ ಚೀಲ ನನ್ನ ಹೆಂಡತಿಯ ಕೈಗೆ ಕೊಟ್ಟು, ನೀರು ಕುಡಿದು, ಸೊಂಟದ ಸಂಚಿಯಿಂದ ಒಂದು ಗುಳಿಗೆಯ ಪಟ್ಟಿ ತೆಗೆದು ನನ್ನ ಮುಂದೆ ಇಟ್ಟಳು.

"ಡಾಕ್ಟರು ಈ ಗುಳಿಗಿ ಸಾಕು ಅಂದಾಗ ಏಳು ಉಳಿದಿದ್ವು. ಕೇಳಾಕ ನೀವು ಕಿಡಕ್ಯಾಗ ಇರಲಿಲ್ಲ, ಅದಕ್ಕ ಇಟ್ಕೊಂಡಿದ್ದೆ. ಎಣಿಸ್ರಿ ಅಣ್ಣಾರ. ಇವು ಅವರವು. ಒಂದೂ ನಾ ನುಂಗಿಲ್ಲ."

ಎಣಿಸಿದೆ. ಏಳು ಇದ್ದವು. ತಲೆ ಎತ್ತಿ ಅವಳ ಮುಖ ನೋಡುವ ಧೈರ್ಯ ಸಾಲದೆ, ಮತ್ತೊಮ್ಮೆ ಎಣಿಸಿದೆ.